ಪರಸಿ ಮಾಳಿಗೆಯ ಶ್ರೀಮಂತರು

ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ನನ್ನನ್ನು ಟೀಚರ್ ಅಂದುಕೊಳ್ಳುತ್ತಾರೆ. ಕನ್ನಡಕ ಹಾಕಿ, ಹೆಗಲಿಗೆ ಚೀಲ ಸಿಕ್ಕಿಸಿಕೊಂಡು, ಯಾರಿಗೂ ಅಂಜದೆ ಮಾತಾಡುವ ಹೆಂಗಸು ಟೀಚರೇ ಆಗಿರಬೇಕು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಮೊನ್ನೆ ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ಕೇಳಿದ, "ಯಾವ ಸಾಲ್ಯಾಗ ಇದ್ರಿ ಬಾಯಾರ?"

"ಸಾಲಿ ಅಲ್ರಿ ಮುತ್ತ್ಯಾ. ದೇಶದ ಆದಾಯ ಲೆಕ್ಕ ಹಾಕೋ ನೌಕರಿ ಇತ್ತು."

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹತ್ತಿತೇನ್ರಿ ಲೆಕ್ಕ?"

"ಇನ್ನಾ ಹತ್ತಿಲ್ರಿ. ಅಷ್ಟರಾಗ ರಿಟೈರ್ ಮಾಡಿದ್ರು."

ಅಜ್ಜ ನಗಲಿಲ್ಲ. ನನ್ನ ಪರವಾಗಿ ನಿಜಕ್ಕೂ ಬೇಜಾರು ಮಾಡಿಕೊಂಡು ತನ್ನ ಚೀಲದಿಂದ ಒಂದು ಪೇರಲ ಹಣ್ಣು ತೆಗೆದು ಕೊಟ್ಟ.

ನಾನು ಸಾಂಖ್ಯಿಕ ನಿರೀಕ್ಷಕಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಮಾತ್ರ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇಷ್ಟರೊಳಗೇ ನನ್ನ ಚಪ್ಪಲಿಗಳು ಸವೆದವು. ಈಗ ಇದೇ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ನನ್ನ ಮನೆಗೆ ಬಂದು, "ಮೇಡಂ, ಏನಾದ್ರೂ ಹೇಳ್ರಿ" ಅನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಶಾಲು ಹೊದಿಸಿದರು ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಶಾಲು ನನಗೂ ಉಪಯೋಗವಾಗಿಲ್ಲ. ನಮ್ಮ ಕಡೆಯ ಬಿಸಿಲಿಗೆ ಶಾಲು ಹೊದಿಸುವವರಿಗೆ ಏನೆನ್ನಬೇಕು.

ನಿಜ ಹೇಳಬೇಕೆಂದರೆ ಬರೆಯಲು ಕೂತದ್ದು ಗೌರಿ ಎಂಬ ಒಂದು ಮಗುವಿನ ನೆನಪಿನಿಂದ. ಆಗಷ್ಟೇ ನಡೆಯಲು ಕಲಿತಿದ್ದ ಮಗು. ಅವಳ ಊರಿಗೆ ಕೂಸಿನ ಮನೆ, ಅಂದರೆ ತಾಯಂದಿರು ದುಡಿಯಲು ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಬರುತ್ತದೋ ಇಲ್ಲವೋ ಎಂಬುದು ನಮ್ಮ ಅಂಕಿಗಳ ಮೇಲೆ ನಿಂತಿತ್ತು. ಆದರೆ ಗೌರಿಯ ಊರಿಗೆ ಹೋಗುವ ಮೊದಲು ನೀವು ವಾಡಿಯಲ್ಲಿ ಒಂದು ಚಹಾ ಕುಡಿಯಬೇಕು, ಸುಲೇಪೇಟದಲ್ಲಿ ಸ್ವಲ್ಪ ಬೈಸಿಕೊಳ್ಳಬೇಕು. ಆಮೇಲೆ ಎಲ್ಲ ಸಲೀಸಾಗಿ ತಿಳಿಯುತ್ತದೆ.

ನಾನು ಸೇರಿದ ಹೊಸತರಲ್ಲಿ ಮೈಸೂರು ಕಡೆಯಿಂದ ರಾವ್ ಸರ್ ಎಂಬ ಅಧಿಕಾರಿ ಬಂದರು. ವಯಸ್ಸು ನನಗಿಂತ ತುಸು ಹೆಚ್ಚಿರಬಹುದು, ಗತ್ತು ಮಾತ್ರ ನಮ್ಮಪ್ಪನ ವಯಸ್ಸಿನದು. ಬುದ್ಧಿವಂತರು, ನ್ಯಾಯವಂತರು, ಆದರೆ ಬಿಸಿಲಿಗೆ ಮಹಾ ಪುಕ್ಕಲು. ಶಿವರಾತ್ರಿ ಕಳೆದರೆ ಕಚೇರಿಯ ಫ್ಯಾನಿನ ಕೆಳಗಿಂದ ಏಳುತ್ತಿರಲಿಲ್ಲ. ಮಳೆ ಬಿದ್ದು ನೆಲ ತಂಪಾದ ಮೇಲೆ, "ಬನ್ರೀ, ಫೀಲ್ಡ್ ನೋಡ್ಕೊಂಡು ಬರೋಣ" ಅನ್ನುತ್ತಿದ್ದರು. ಹಾಗಾಗಿ ಅವರು ಕಂಡ ನಮ್ಮ ಸೀಮೆ ಯಾವಾಗಲೂ ಹಸಿರಾಗಿಯೇ ಇತ್ತು.

ಒಂದು ಸಂಜೆ ವಾಡಿ ಜಂಕ್ಷನ್ನಿನಲ್ಲಿ ಇಬ್ಬರೂ ಪ್ಯಾಸೆಂಜರ್ ರೈಲಿಗೆ ಕಾಯುತ್ತಿದ್ದೆವು. ಒಟ್ಟು ದೇಶೀಯ ಉತ್ಪನ್ನ, ಒಟ್ಟು ರಾಷ್ಟ್ರೀಯ ಆದಾಯ ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ತಲೆಗೆ ಮಾತ್ರ ಇಳಿದಿರಲಿಲ್ಲ. ರಾವ್ ಸರ್ ಚಹಾ ಕೊಡುತ್ತಿದ್ದ ಇಸ್ಮಾಯಿಲನ ಕಡೆ ತಿರುಗಿದರು.

"ಅಂಗಡಿ ನಿಂದೇನಪ್ಪಾ?"

"ನಂದೆಲ್ಲಿಂದ ಸಾಬ್? ಸೇಠ್ ಸೋಲಾಪುರದಾಗ ಇರ್ತಾನ. ನನಗ ಪಗಾರ ಅಷ್ಟೇ."

"ನೋಡಿದ್ರಾ?" ಅಂದರು ರಾವ್ ಸರ್. "ವಾಡೀನೇ ಒಂದು ದೇಶ ಅಂದ್ಕೊಳ್ಳಿ. ಚಹಾ ಕುದ್ದಿದ್ದು ಇಲ್ಲಿ. ಹಾಲು, ಸಕ್ಕರೆ ಖರ್ಚು ಕಳೆದು ಉಳಿದದ್ದೆಲ್ಲ ವಾಡಿಯ ಉತ್ಪನ್ನ. ಆದರೆ ಲಾಭ ಸೋಲಾಪುರಕ್ಕೆ ಹೋಯ್ತು. ಅದನ್ನ ಕಳೀರಿ. ವಾಡಿಯವರ ಅಂಗಡಿ ಹೊರಗೆಲ್ಲಾದ್ರೂ ಇದ್ದರೆ ಅದರ ಲಾಭ ಕೂಡಿಸಿ. ಆಗ ಸಿಗೋದು ವಾಡಿಯವರ ಆದಾಯ. ಎಲ್ಲಿ ಹುಟ್ಟಿತು ಅನ್ನೋದು ಒಂದು ಲೆಕ್ಕ, ಯಾರಿಗೆ ಸೇರಿತು ಅನ್ನೋದು ಇನ್ನೊಂದು."

ಇಸ್ಮಾಯಿಲ್ ಕೆಟಲ್ ಹಿಡಿದುಕೊಂಡೇ ಪೂರ್ತಿ ಕೇಳಿದ. "ಹಂಗಾರ ನಾ ನಡುನಡುವ ಕುಡೀತೀನಲ್ರಿ ಚಾ, ಅದು ಯಾರ ಲೆಕ್ಕಕ್ಕ?"

ರಾವ್ ಸರ್ ತಲೆ ಕೆರೆದುಕೊಂಡರು. ರೈಲು ಬಂದು ಅವರ ಮಾನ ಉಳಿಸಿತು. ಅಂದಿನಿಂದ ಸೇಡಂ ಕಡೆಯ ಸಿಮೆಂಟ್ ಚಿಮಣಿಗಳನ್ನು ಕಂಡಾಗೆಲ್ಲ ನನಗೆ ಆ ಚಹಾ ನೆನಪಾಗುತ್ತದೆ. ಅಷ್ಟೆತ್ತರದ ಚಿಮಣಿ ನಮ್ಮ ತಾಲೂಕಿನಲ್ಲೇ ನಿಂತಿದೆ, ಅದರ ಷೇರು ಇಟ್ಟುಕೊಂಡವರು ಎಲ್ಲೆಲ್ಲಿ ಇದ್ದಾರೋ.

ಇನ್ನು ಸುಲೇಪೇಟ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಒಂದು ವಿಚಿತ್ರ ಕಲಮು ಇದೆ. ನೀವು ಬಾಡಿಗೆ ಮನೆಯಲ್ಲಿದ್ದರೆ ಆ ಬಾಡಿಗೆ ದೇಶದ ಆದಾಯಕ್ಕೆ ಸೇರುತ್ತದೆ. ಸ್ವಂತ ಮನೆಯಲ್ಲಿದ್ದರೂ ಮನೆ ಅದೇ ನೆರಳು, ಅದೇ ಆಸರೆ ಕೊಡುತ್ತದಲ್ಲ, ಆದ್ದರಿಂದ ನಿಮಗೆ ನೀವೇ ಬಾಡಿಗೆ ಕೊಡುತ್ತಿದ್ದೀರಿ ಎಂದು ಊಹಿಸಿ ಅದನ್ನೂ ಸೇರಿಸಬೇಕು. ಕಾಗದದ ಮೇಲೆ ಇದು ಬಹಳ ನ್ಯಾಯವಾಗಿ ಕಾಣುತ್ತದೆ. ಸುಲೇಪೇಟದ ಸಂತೆ ಓಣಿಯಲ್ಲಿ ಕೇಳಿ ನೋಡಿ ಗೊತ್ತಾಗುತ್ತದೆ.

ಕಿರಾಣಿ ಅಂಗಡಿಯ ಮಹಾಂತಪ್ಪನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪ್ರಸನ್ನವಾಗಿ ಕೂತಿದ್ದರು. ಹಾಲು ತರಿಸಿದರು, ಬಾಳೆಹಣ್ಣು ತರಿಸಿದರು. ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರು. ಕೊನೆಗೆ ನಾನು, "ನಿಮ್ಮ ಈ ಮನಿಗಿ ನೀವು ಕಿರಾಯಿ ಕೊಡೋದಾದ್ರ ಎಷ್ಟು ಕೊಡ್ತೀರಿ?" ಅಂದೆ.

ಅವರ ಮುಖ ಬದಲಾಯಿತು. "ನಮ್ಮ ಮನಿಗಿ ನಾವ್ಯಾಕ ಕಿರಾಯಿ ಕೊಡ್ಬೇಕ್ರಿ?"

"ಕೊಡೋದ್ ಬ್ಯಾಡ್ರಿ. ಕೊಟ್ರ ಅಂತ."

"ಯಾರಿಗಿ ಕೊಡ್ಬೇಕು?"

"ನಿಮಗೇ ರಿ."

"ನನ್ನ ಮನಿಗಿ ನನಗ ನಾನೇ ಕಿರಾಯಿ ಕೊಟ್ಟು, ಅದನ್ನ ನಾನೇ ತೊಗೊಂಡು, ನಿಮಗ ಯಾಕ ಹೇಳ್ಬೇಕ್ರಿ?"

ನಾನು ಅವರ ಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ, ಸರಕಾರದವರು ಸ್ವಂತ ಮನೆಗಳಿಗೆ ಬಾಡಿಗೆ ವಸೂಲು ಮಾಡಲು ಬಂದಿದ್ದಾರೆ ಎಂಬ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. ಒಬ್ಬ ಅಮ್ಮ ಕಿಟಕಿಯಿಂದಲೇ, "ನಾವ್ ಈ ಮನಿಯವ್ರು ಅಲ್ರಿ, ಬಂದ ಬೀಗ್ರು!" ಎಂದು ಕೂಗಿದಳು. ಹಿಂದೆ ಅವಳ ಗಂಡ ಬನಿಯನ್ನಿನಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ.

ಮರುದಿನ ಪ್ರಶ್ನೆಯನ್ನೇ ತಿರುಗಿಸಿದೆ. "ಅಳಿಯ ಇದೇ ಓಣ್ಯಾಗ ಇಂಥಾದೇ ಮನಿ ಹಿಡದ್ರ ಕಿರಾಯಿ ಎಷ್ಟ್ ಬಿದ್ದೀತು?" ಅದೂ ಕೆಲಸ ಮಾಡಲಿಲ್ಲ. ಅಳಿಯನ ಹತ್ತಿರ ಬಾಡಿಗೆ ತೆಗೆದುಕೊಳ್ಳುವ ನೀಚರು ಯಾರಿದ್ದಾರೆ ಎಂದು ನನ್ನನ್ನೇ ಬೈದರು. ಕೊನೆಗೆ, "ಪರ ಊರಿನ ಮಾಸ್ತರ್ ಬಂದ್ರ?" ಅಂದಾಗ ಎಲ್ಲರೂ ಉತ್ಸಾಹದಿಂದ ಬಾಡಿಗೆ ಹೇಳಿದರು. ಮಾಸ್ತರರ ಮೇಲೆ ಯಾರಿಗೂ ಕರುಣೆ ಇರಲಿಲ್ಲ. ಆ ಪ್ರಶ್ನೆಯನ್ನು ನಾನು ಕೊನೆಯ ತನಕ ಹಾಗೆಯೇ ಕೇಳಿದೆ. ನೀವೂ ಹಾಗೆಯೇ ಕೇಳಿ.

ಈಗ ನಿಮಗೆ ಟ್ಯಾಬ್ ಕೊಟ್ಟಿದ್ದಾರೆ. ನಾವು ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆಯುತ್ತಿದ್ದೆವು; ಬೆರಳ ತುದಿಯ ನೀಲಿ ರೊಟ್ಟಿಗೂ ಹತ್ತುತ್ತಿತ್ತು. ಟ್ಯಾಬ್ ಬಂದದ್ದು ಒಳ್ಳೆಯದೇ, ನಾನು ಹಳೆಯದಕ್ಕೆ ಅಳುವವಳಲ್ಲ. ಆದರೆ ಕಾಗದಕ್ಕೆ ಒಂದು ಅಂಚು ಇತ್ತು. ಜನ ಆದಾಯ ಕೇಳಿದರೆ, "ನಡೀತದ್ರಿ" ಅನ್ನುತ್ತಾರೆ. ಒಂದೊಂದು ಮನೆಯ "ನಡೀತದ್ರಿ" ಒಂದೊಂದು ತರಹ. ಅದನ್ನು ಅಂಚಿನಲ್ಲಿ ಬರೆದಿಡುತ್ತಿದ್ದೆವು. ಟ್ಯಾಬ್ ಅದನ್ನು ಒಪ್ಪುವುದಿಲ್ಲ, ಅಂಕಿಯೇ ಬೇಕು ಅನ್ನುತ್ತದೆ, ಕೊಡದಿದ್ದರೆ ಮುಂದಕ್ಕೆ ಬಿಡುವುದಿಲ್ಲ.

ಇಷ್ಟು ಕೇಳಿ ನಾನು ಅಂಕಿಗಳನ್ನು ಹೀಯಾಳಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಈ ತಲಾ ಆದಾಯ, ರಾಷ್ಟ್ರೀಯ ಆದಾಯ ಎಲ್ಲ ಬರೀ ಬೊಗಳೆ ಎಂದು ಮದುವೆ ಮನೆಯಲ್ಲಿ ಉಪನ್ಯಾಸ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಣಿಸದಿದ್ದರೆ ಯಾರ ತಾಟಿನಲ್ಲಿ ಎಷ್ಟಿದೆ ಎಂದು ತಿಳಿಯುವುದು ಹೇಗೆ? ದೇಶ ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಅನುಕೂಲವಾದ ಅಳತೆ ನನಗೆ ಸಿಕ್ಕಿಲ್ಲ. ಆ ಅಂಕಿಯನ್ನು ನಾನು ಪ್ರೀತಿಸಿದ್ದೇನೆ. ಅದಕ್ಕೇ ಅದು ತಪ್ಪು ಜಾಗದಲ್ಲಿ ನಿಂತಾಗ ನನಗೆ ತಡೆಯಲಾಗುವುದಿಲ್ಲ.

ಹೀಗೆ ತಪ್ಪು ಜಾಗದಲ್ಲಿ ಅದು ನಿಂತದ್ದು ಗೌರಿಯ ಊರಿನಲ್ಲಿ. ಭಂಕೂರದ ಕಡೆಯ ಒಂದು ಊರು, ಹೆಸರು ಹೇಳುವುದಿಲ್ಲ. ಲೆಕ್ಕ ಹೇಳು, ಮನೆಯವರ ಹೆಸರು ಹೇಳಬೇಡ ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಗೌರಿ, ಅವಳ ತಾಯಿ ಭೀಮಾಬಾಯಿ ಎಂಬ ಹೆಸರುಗಳೂ ನಾನು ಇಟ್ಟವೇ. ಊರ ಸುತ್ತ ಶಹಾಬಾದ ಕಲ್ಲಿನ ಗಣಿಗಳು, ಆ ಕಲ್ಲನ್ನು ಕೊಯ್ದು ನುಣುಪು ಮಾಡುವ ಯಂತ್ರದ ಶೆಡ್ಡುಗಳು. ಈ ಚಪ್ಪಟೆ ಕಲ್ಲಿಗೆ ನಮ್ಮಲ್ಲಿ ಪರಸಿ ಅನ್ನುತ್ತಾರೆ, ಮನೆಯ ಚಾವಣಿಗೆ ಮಾಳಿಗೆ.

ನನ್ನ ನೌಕರಿಯ ಕೊನೆಯ ವರ್ಷಗಳು. ಇಂಥ ದುಡಿಮೆಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕೂಸಿನ ಮನೆ ತೆರೆಯುವುದೆಂದು ತೀರ್ಮಾನವಾಗಿತ್ತು. ಎಲ್ಲ ಊರಿಗೂ ಒಮ್ಮೆಲೇ ಆಗದು, ಹಿಂದುಳಿದ ಊರುಗಳಿಗೆ ಮೊದಲು. ಯಾವುದು ಹಿಂದುಳಿದ ಊರು ಎಂದು ಅಳೆದು ಹೇಳಲು ನಮ್ಮನ್ನು ಎರವಲು ಪಡೆದರು. ಅಳತೆ ಎರಡು: ಊರಲ್ಲಿ ಹುಟ್ಟುವ ಸರಕಿನ ಬೆಲೆ ತಲೆಗೆ ಎಷ್ಟು ಬೀಳುತ್ತದೆ, ಮನೆಗಳು ಕಚ್ಚಾ ಇವೆಯೋ ಪಕ್ಕಾ ಇವೆಯೋ. ಮೇಲೆ ಹುಲ್ಲು, ತಗಡು ಇದ್ದರೆ ಕಚ್ಚಾ, ಕಲ್ಲಿದ್ದರೆ ಪಕ್ಕಾ.

ಶೆಡ್ಡಿಗೆ ಹೋದಾಗ ಗರಗಸದ ಸದ್ದಿಗೆ ಕಿವಿ ಗುಂಯ್ ಅನ್ನುತ್ತಿತ್ತು. ಭೀಮಾಬಾಯಿ ಎಂಬ ಹೆಂಗಸು ಸೆರಗು ಬಿಗಿದು ಯಂತ್ರದ ಬಾಯಿಗೆ ಕಲ್ಲು ನೂಕುತ್ತಿದ್ದಳು. ಮೈಯೆಲ್ಲ ಬೂದು ಬಣ್ಣದ ರಾಡಿ. ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಕಂಬ. ಕಂಬಕ್ಕೆ ಕಟ್ಟಿದ ಬಟ್ಟೆಯ ಇನ್ನೊಂದು ತುದಿ ಒಂದು ಮಗುವಿನ ಸೊಂಟಕ್ಕಿತ್ತು. ಮಗು ಬಟ್ಟೆ ಬಿಗಿಯಾಗುವ ತನಕ ತಪ್ಪುಹೆಜ್ಜೆ ಹಾಕಿಕೊಂಡು ಬರುವುದು, ಅಲ್ಲಿ ನಿಲ್ಲುವುದು, ತಿರುಗಿ ಕಂಬದ ಹತ್ತಿರ ಹೋಗುವುದು. ಅಳುತ್ತಿರಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ.

"ಏನವ್ವ ಇದು, ಕೂಸಿಗಿ ಹಗ್ಗ ಹಾಕೀದಿ?" ಎಂದು ರೇಗಿಬಿಟ್ಟೆ.

"ಹಗ್ಗ ಅಲ್ರಿ ಬಾಯಾರ, ನನ್ನ ಮದಿವಿ ಸೀರಿ ಅದ. ಮೆತ್ತಗದ ಅಂತ ಇದನ್ನೇ ಹರದೀನಿ." ಭೀಮಾಬಾಯಿ ಯಂತ್ರದಿಂದ ಕಣ್ಣು ತೆಗೆಯಲಿಲ್ಲ. "ಬಿಚ್ಚಿದ್ರ ಸೀದಾ ಗರಗಸದ ಕಡಿ ಓಡ್ತಾಳ್ರಿ ಗೌರಿ. ಅತ್ತಿ ಇದ್ದಾಳ, ಆದ್ರ ಆಕಿನೂ ತೊಗರಿ ಹೊಲಕ್ಕ ಹೋಗ್ಬೇಕಲ್ಲ. ಕೂಸಿನ ಮನಿ ಬರ್ತದ ಅನ್ಲಿಕತ್ತಾರ, ಖರೆ ಏನ್ರಿ?"

"ಬರ್ತದವ್ವ" ಅಂದೆ. ಬರುತ್ತದೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಇಂಥ ಊರಿಗೆ ಬರದೆ ಇನ್ನೆಲ್ಲಿಗೆ ಬರಬೇಕು?

ಶಹಾಬಾದಿನಲ್ಲಿ ಸಭೆ ನಡೆದಾಗ ಊರುಗಳ ಕ್ರಮವನ್ನು ಗೋಡೆಯ ಮೇಲೆ ತೋರಿಸಿದರು. ಗೌರಿಯ ಊರು ಕಟ್ಟಕಡೆಗಿತ್ತು. ಅಂದರೆ ಎಲ್ಲಕ್ಕಿಂತ ಮುಂದುವರಿದ ಊರು. ಅಧ್ಯಕ್ಷರ ಕುರ್ಚಿಯಲ್ಲಿ ಯಾರು? ಇಡೀ ರಾಜ್ಯ ಸುತ್ತಿ, ತಲೆ ನೆರೆತು, ದೊಡ್ಡ ಹುದ್ದೆಗೇರಿ ಮತ್ತೆ ನಮ್ಮ ಕಡೆಗೇ ಬಂದಿದ್ದ ಅದೇ ರಾವ್ ಸರ್. ಅವರು ಹಾಳೆ ತಿರುವಿ, "ಇದು ಶ್ರೀಮಂತ ಊರು ಕಣ್ರೀ. ಇಷ್ಟೊಂದು ಕಲ್ಲಿನ ಉತ್ಪನ್ನ. ಮನೆಗಳು ನೋಡಿ, ಗೋಡೆ ಕಲ್ಲು, ನೆಲ ಕಲ್ಲು, ಮೇಲಿನ ಮಾಳಿಗೆಯೂ ಕಲ್ಲು. ಒಂದೂ ಕಚ್ಚಾ ಮನೆ ಇಲ್ಲ" ಅಂದರು.

ಬರೆದದ್ದೆಲ್ಲ ನಿಜ. ಅಕ್ಷರಕ್ಕಕ್ಷರ ನಿಜ. ಎದ್ದು ನಿಂತೆ.

"ಸರ್, ವಾಡಿ ಸ್ಟೇಷನ್ನಿನ ಚಹಾ ನೆನಪದ ಏನ್ರಿ?"

ಸಭೆಯಲ್ಲಿದ್ದವರಿಗೆ ನನಗೆ ಚಹಾ ಬೇಕಾಗಿದೆ ಅನಿಸಿರಬೇಕು; ಜವಾನ ಬಾಗಿಲ ಕಡೆ ಹೊರಟೇಬಿಟ್ಟ. ರಾವ್ ಸರ್ ಮಾತ್ರ ಕನ್ನಡಕ ತೆಗೆದರು.

"ಕಲ್ಲು ಹುಟ್ಟೋದು ಈ ಊರಾಗ ಖರೆ ಸರ್. ಶೆಡ್ಡಿನ ಮಾಲೀಕರು ಒಬ್ಬರೂ ಈ ಊರಾಗ ಇಲ್ಲ. ಸೇಠ್ ಎಲ್ಲೋ ಇದ್ದಾನ, ಇಸ್ಮಾಯಿಲ್ ಇಲ್ಲಿದ್ದಾನ. ನಾವು ಸೇಠನ ಲಾಭಾನ ಇಸ್ಮಾಯಿಲನ ತಲಿಗಿ ಹಂಚೀವಿ."

ಅವರು ಹಾಳೆಯ ಅಂಚಿನಲ್ಲಿ ಏನೋ ಲೆಕ್ಕ ಹಾಕಿ ನೋಡಿದರು. ಆಮೇಲೆ, "ಸರಿ, ಅದು ಒಪ್ಪಿದೆ. ಊರಿನ ಉತ್ಪನ್ನ ಬಿಟ್ಟು ಊರವರ ಆದಾಯ ಹಾಕೋಣ. ಆದರೆ ಮನೆಗಳು? ಪಕ್ಕಾ ಮನೆ ಯಾರದ್ದೇ ಇರಲಿ ಪಕ್ಕಾ ಮನೆಯೇ ಅಲ್ವೇನ್ರೀ?" ಅಂದರು.

"ಹೋಗಿ ಒಂದ್ ಸ್ವಲ್ಪ ಕುಂತು ಬರೋಣ್ರಿ ಸರ್."

ಆಗ ಏಪ್ರಿಲ್. ಅವರು ಕಿಟಕಿಯ ಕಡೆ ನೋಡಿದರು, ಫ್ಯಾನಿನ ಕಡೆ ನೋಡಿದರು. ಹೂಂ ಅಂದರು. ಅಷ್ಟಕ್ಕೇ ಅವರಿಗೆ ನನ್ನ ನಮಸ್ಕಾರ.

ನಾವು ಹೋದಾಗ ಸುಡು ಮಧ್ಯಾಹ್ನ. ಭೀಮಾಬಾಯಿ ಊಟಕ್ಕೆ ಬಂದು ಗೌರಿಯನ್ನು ಮಡಿಲಲ್ಲಿ ಹಾಕಿಕೊಂಡು ಬೇವಿನ ಗಿಡದ ಕೆಳಗೆ ಕೂತಿದ್ದಳು. ಅತ್ತೆ, ನೆರೆಯವರು, ಅವರ ಕೋಳಿಗಳು, ಎಲ್ಲ ಅಲ್ಲೇ. ಮನೆಗಳೆಲ್ಲ ಖಾಲಿ. ರಾವ್ ಸರ್ ಹಣೆ ಒರೆಸಿಕೊಳ್ಳುತ್ತ, "ಒಳಗೆ ನೆರಳಿದೆ, ಒಳಗೇ ಕೂರೋಣ" ಅಂದರು. ಹೆಂಗಸರು ಮುಖ ಮುಖ ನೋಡಿಕೊಂಡರು.

"ನೀವ್ ಒಳಗ ಕುಂದ್ರಿ ಸರ್, ನಾವ್ ಇಲ್ಲೇ ಇರ್ತೀವಿ" ಅಂದಳು ಭೀಮಾಬಾಯಿ.

ಅವರು ಒಳಗೆ ಹೋದರು. ನಾನು ಹೋಗಲಿಲ್ಲ, ನನಗೆ ಗೊತ್ತಿತ್ತು. ಬೆಳಗಿನಿಂದ ಕಾದ ಪರಸಿ ತಲೆಯ ಮೇಲೆ, ಸುತ್ತ ಕಾದ ಗೋಡೆ. ರೊಟ್ಟಿ ಸುಡುವ ಹಂಚನ್ನು ಬೋರಲು ಹಾಕಿ ಒಳಗೆ ಕೂತ ಹಾಗೆ. ಅಂಗಿಯೆಲ್ಲ ತೊಯ್ದು, ಅವರು ತಾವಾಗಿಯೇ ಹೊರಗೆ ಬಂದು ಬೇವಿನ ಬುಡದಲ್ಲಿ ಕೋಳಿಗಳ ಪಕ್ಕ ಕೂತರು. ಭೀಮಾಬಾಯಿ ಚೆಂಬಿನಲ್ಲಿ ನೀರು ಕೊಟ್ಟಳು.

"ಯಾಕಮ್ಮಾ, ಮೇಲೂ ಕಲ್ಲೇ ಹಾಕಿದೀರಲ್ಲ? ತಗಡು ಹಾಕಿಸಬಾರದಾ?"

"ತಗಡಾ ಹಾಕ್ಸಲಿಕ್ಕಿ ನಾವೇನ್ ಸಾವ್ಕಾರ್ರೇನ್ರಿ?" ಭೀಮಾಬಾಯಿಗೆ ನಗು ಬಂತು. "ಒಡಕ ಪರಸಿ ಶೆಡ್ಡಿನ ಹಿಂದ ಪುಕ್ಕಟ ಬಿದ್ದಿರ್ತಾವ. ಹೊತ್ತು ತಂದು ಹಾಕೀವಿ."

ರಾವ್ ಸರ್ ನನ್ನ ಕಡೆ ತಿರುಗಿದರು. ಅವರಿಗೆ ನಾಚಿಕೆಯಾಗಿರಲಿಲ್ಲ, ಕುತೂಹಲವಾಗಿತ್ತು. ಒಳ್ಳೆಯ ಅಧಿಕಾರಿಗಳಿಗೆ ಹಾಗೆಯೇ ಆಗುತ್ತದೆ. "ಅಂದರೆ ಈ ಸೀಮೆಯಲ್ಲಿ ತಗಡಿನ ಮನೆ ಇದ್ದವನು ಶ್ರೀಮಂತ! ನಾವು ಅವನನ್ನ ಬಡವ ಅಂತ ಬರೀತಿದೀವಿ, ಇವರನ್ನ ಶ್ರೀಮಂತರು ಅಂತ. ಅಲ್ರೀ, ಮೈಸೂರಲ್ಲಿ ನಮ್ಮನೆ ಹಜಾರಕ್ಕೆ ಇದೇ ಕಲ್ಲು ಹಾಕಿಸೋಕೆ ನಾನು ಎಷ್ಟು ಒದ್ದಾಡಿದೆ!" ಎಂದು ತಾವೇ ನಕ್ಕರು. ಗೌರಿ ಅವರ ಕನ್ನಡಕಕ್ಕೆ ಕೈ ಹಾಕಿದಳು. ಅವಳ ಸೊಂಟದಲ್ಲಿ ಸೀರೆಯ ಗಂಟು ಹಾಗೆಯೇ ಇತ್ತು, ತುದಿ ತಾಯಿಯ ಕೈಯಲ್ಲಿ. ಅದನ್ನು ನೋಡಿದ ಮೇಲೆ ಅವರ ನಗು ನಿಂತಿತು.

ಕಲ್ಲಿನ ಸೀಮೆಯಲ್ಲಿ ಮನೆಯ ಮಾಳಿಗೆ ನೋಡಿ ಬಡತನ ಅಳೆಯಬಾರದು ಎಂದು ಅವರು ಮೇಲಕ್ಕೆ ಬರೆದರು. ಕಾಗದಗಳು ತಮ್ಮ ಪದ್ಧತಿಯ ಪ್ರಕಾರ ಅಲ್ಲಲ್ಲಿ ಕೂತು, ಎದ್ದು, ಚಹಾ ಕುಡಿದು, ಕಡೆಗೆ ಒಪ್ಪಿಗೆ ಬಂತು. ಊರುಗಳ ಕ್ರಮ ತಿರುಗಿತು, ಗೌರಿಯ ಊರು ಮೇಲಕ್ಕೆ ಬಂತು. ಬಂದ ಮೇಲೆ ಹೊಸ ತೊಡಕು: ಕಟ್ಟಡಕ್ಕೆ ದುಡ್ಡಿಲ್ಲ, ಊರಲ್ಲಿ ಈಗಾಗಲೇ ಪಕ್ಕಾ ಕಟ್ಟಡ ಇದ್ದರೆ ಮಾತ್ರ ಈ ಸಲ ಕೂಸಿನ ಮನೆ. ಫೋನಿನಲ್ಲಿ ಇದನ್ನು ಹೇಳುವಾಗ ರಾವ್ ಸರ್ ದನಿ ಬಿದ್ದುಹೋಗಿತ್ತು. ನಾನು ಕುರ್ಚಿಯಲ್ಲೇ ನಗತೊಡಗಿದೆ. ಆ ಊರಿನ ಸಮುದಾಯ ಭವನದ ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಯೂ ಕಲ್ಲು. ಯಾವ ಪರಸಿ ಅವರನ್ನು ಹಿಂದಕ್ಕೆ ತಳ್ಳಿತ್ತೋ ಅದೇ ಪರಸಿ ಈಗ ಬಾಗಿಲು ತೆಗೆಯಿತು.

ಊರವರು ಭವನದ ಮಾಳಿಗೆಗೆ ಸುಣ್ಣ ಬಳಿದು, ಅದರ ಮೇಲೆ ತೊಗರಿ ಕಟಗಿಯನ್ನು, ಅಂದರೆ ಒಣಗಿದ ಕಡ್ಡಿಗಳನ್ನು, ದಪ್ಪಗೆ ಹೊದಿಸಿ ತಂಪು ಮಾಡಿದರು. ಭೀಮಾಬಾಯಿಯ ಅತ್ತೆಯನ್ನೂ ಇನ್ನೊಬ್ಬಳನ್ನೂ ಮಕ್ಕಳನ್ನು ನೋಡಿಕೊಳ್ಳಲು ಪಗಾರದ ಮೇಲೆ ಹಿಡಿದರು. ಅವರ ಪಗಾರ ಆ ವರ್ಷದ ರಾಷ್ಟ್ರೀಯ ಆದಾಯಕ್ಕೆ ಸೇರಿತು, ನಾನೇ ಬರೆದುಕೊಂಡೆ. ತೆರೆಯುವ ದಿನ ರಾವ್ ಸರ್ ಬಂದು ರಿಬ್ಬನ್ನು ಕತ್ತರಿಸಿದರು. ಭಾಷಣ ಮಾಡಬೇಡಿ ಎಂದು ನಾನು ಮೊದಲೇ ಹೇಳಿದ್ದೆ, ಆದರೂ ಸ್ವಲ್ಪ ಮಾಡಿದರು.

ಭೀಮಾಬಾಯಿ ಗೌರಿಯನ್ನು ಬಾಗಿಲ ಹತ್ತಿರ ನೆಲಕ್ಕಿಳಿಸಿ, ಸೀರೆಯ ಗಂಟು ಬಿಚ್ಚಿ, ಬಟ್ಟೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಒಳಗೆ ಉದ್ದಕ್ಕೆ ಖಾಲಿ ಹಾಸುಗಲ್ಲಿನ ನೆಲ. ಆಚೆ ಗೋಡೆಯ ಬುಡದಲ್ಲಿ ಬಣ್ಣದ ಚೆಂಡುಗಳು. ಗೌರಿ ತಪ್ಪುಹೆಜ್ಜೆ ಹಾಕುತ್ತ ಹೊರಟಳು. ಸೀರೆ ಎಷ್ಟು ದೂರ ಬಿಡುತ್ತಿತ್ತೋ ಅಷ್ಟು ದೂರ ಹೋಗಿ, ಯಾರೂ ಹಿಡಿಯದೆಯೇ, ನಿಂತುಬಿಟ್ಟಳು. ತಿರುಗಿ ತಾಯಿಯ ಕಡೆ ಹೊರಟಳು.

ನಾನು ಅತ್ತುಬಿಟ್ಟೆ.

"ಹೋಗ್ ನನ್ನವ್ವಾ" ಅಂದಳು ಭೀಮಾಬಾಯಿ. "ಬಿಚ್ಚೀನಿ. ಹೋಗು."

ಗೌರಿ ತನ್ನ ಸೊಂಟವನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಚೆಂಡುಗಳ ಕಡೆ ಓಡಿದಳು.